ಪಾತ್ರಕ್ಕೆ ಲೋಹದ ಮೈ: ನಿಮ್ಮ ಟೇಬಲ್‌ನಲ್ಲಿ ಹೇಗೆ ನಿಭಾಯಿಸಿದಿರಿ?

ಕೇಳಿದವರು: ನಾವು ಐದು ಜನ ಸೈಬರ್‌ಪಂಕ್ ರೆಡ್ ಆಡುತ್ತೇವೆ, ಒಬ್ಬೊಬ್ಬರು ಒಂದೊಂದು ಪಾತ್ರವಾಗಿ ದಾಳ ಹಾಕಿ ಕಥೆ ಕಟ್ಟುವ ಆಟ. ನಾನು ಜಿಎಂ, ಅಂದರೆ ಆಟ ನಡೆಸುವವನು. ಹೋದ ವಾರ ಡ್ಯಾಮೇಜ್ ದಾಳದಲ್ಲಿ ಎರಡು ಆರು ಒಟ್ಟಿಗೆ ಬಿತ್ತು. ಹಾಗೆ ಬಿದ್ದರೆ ಕ್ರಿಟಿಕಲ್ ಇಂಜುರಿ, ಅಂದರೆ ಗಂಭೀರ ಗಾಯ. ಅದರ ಪಟ್ಟಿ ನೋಡಿದರೆ ಒಬ್ಬನ ಪಾತ್ರದ ತೋಳೇ ಹೋಯಿತು. ಅವನಿಗೆ ಬೇಜಾರಿಲ್ಲ, ಖುಷಿ! ತೋಳಿಂದ ಶುರು ಮಾಡಿ ಇಡೀ ಮೈಯನ್ನೇ ಲೋಹ ಮಾಡಿಸಿಕೊಳ್ಳುತ್ತಾನಂತೆ. ಮೈಗೆ ಯಂತ್ರ ಹಾಕಿಸಿದರೆ ಹ್ಯುಮ್ಯಾನಿಟಿ (ಮನುಷ್ಯತ್ವ) ಅಂಕ ಕಳೆಯಬೇಕು ಅಂತ ನಿಯಮದಲ್ಲಿದೆ. ಆದರೆ ನಮ್ಮಲ್ಲಿ ಅದು ದಿನಸಿ ಅಂಗಡಿ ಲೆಕ್ಕದ ಥರ ಆಗಿದೆ, ಕಳೆದು ಬರೆದು ಮುಂದೆ ಹೋಗ್ತೀವಿ. ಬೇರೆ ಆಟ ಆಡಿದವರೂ ಹೇಳಿ.

ಉತ್ತರ: ನಮ್ಮಲ್ಲೂ ಇದೇ ಕಥೆ ಇತ್ತು ಗುರು. ಬದಲಾಗಿದ್ದು ಹುಣಸೆ ಬೀಜದಿಂದ. ತಮಾಷೆ ಅಲ್ಲ.

ರೆಡ್‌ನಲ್ಲಿ ಎಂಪಥಿಯ (ಇನ್ನೊಬ್ಬರ ಮನಸ್ಸು ಅರಿಯುವ ಗುಣದ ಅಂಕ) ಹತ್ತರಷ್ಟು ಹ್ಯುಮ್ಯಾನಿಟಿ ಅಲ್ವಾ? ನಮ್ಮವನದ್ದು 6, ಅಂದರೆ 60. ಪಾತ್ರ ಕಟ್ಟುವಾಗಲೇ ನ್ಯೂರಲ್ ಲಿಂಕ್‌ಗೆ (ನರಕ್ಕೆ ಯಂತ್ರ ಜೋಡಿಸುವ ಉಪಕರಣ) 7, ಸೈಬರ್ ಕಣ್ಣಿಗೆ 7 ಹೋಗಿ 46 ಉಳಿದಿತ್ತು. ಹತ್ತರ ಸ್ಥಾನದ ಅಂಕಿಯೇ ಈಗಿನ ಎಂಪಥಿ, ಹಾಗಾಗಿ 4. ಚೌಕಾಬಾರಾ ಆಡಲು ಇಟ್ಟಿದ್ದ ಡಬ್ಬಿಯಿಂದ ನಾಲ್ಕು ಹುಣಸೆ ಬೀಜ ತೆಗೆದು ಅವನ ಮುಂದೆ ಇಟ್ಟೆ. ಏನೂ ವಿವರಿಸಲಿಲ್ಲ.

ಮೂರನೇ ವಾರ ತೋಳು ಹಾಕಿಸಿದ. ಆಟದ ನಡುವೆ ಹಾಕಿಸಿದರೆ ಎರಡು ದಾಳ ಉರುಳಿಸಬೇಕು. 11 ಬಿತ್ತು. 35 ಆಯಿತು. ನಾನು ಬೀಜ ಮುಟ್ಟಲಿಲ್ಲ, "ನೀನೇ ತೆಗಿ" ಅಂದೆ. ತೆಗೆದ. ಆಮೇಲೆ ಆ ಬೀಜವನ್ನು ಡಬ್ಬಿಗೆ ಹಾಕದೆ ಬೆರಳಲ್ಲೇ ಹೊರಳಿಸುತ್ತಾ ಕೂತ.

ಅದೇ ದಿನ ಅವನ ಪಾತ್ರದ ತಂಗಿ ಬಂದು "ನಾನು ಚೆನ್ನಾಗಿದ್ದೀನಿ ಅಣ್ಣಾ" ಅಂದಳು. ಸುಳ್ಳು. ಸುಳ್ಳು ಹಿಡಿಯಲು ಹ್ಯೂಮನ್ ಪರ್ಸೆಪ್ಷನ್ ಸ್ಕಿಲ್‌ಗೆ ದಾಳ ಹಾಕಿಸಿದೆ, ಮೊತ್ತ 13 ದಾಟಬೇಕಿತ್ತು. ದಾಳ 6, ಸ್ಕಿಲ್ 4, ಎಂಪಥಿ 3. ಸರಿಯಾಗಿ 13! ದಾಟಲಿಲ್ಲ. ಬೆಳಿಗ್ಗೆಯ ಎಂಪಥಿ ಇದ್ದಿದ್ದರೆ 14 ಆಗುತ್ತಿತ್ತು. ಅವನು ಬೀಜ ನೋಡಿದ, ನನ್ನ ನೋಡಿದ. ತಂಗಿ ಹೊರಟುಹೋದಳು.

ಅಂಕ ಕಳೆಯುವುದರಲ್ಲಿ ತಪ್ಪಿಲ್ಲ. ಕಳೆದ ಮೇಲೆ ಎಂಪಥಿ ಕೇಳುವ ದೃಶ್ಯ ಬರಬೇಕು, ಅಷ್ಟೇ. ಬರೀ ಗುಂಡಿನ ಕಾಳಗ ಇಟ್ಟರೆ ಆ ಅಂಕಿಗೆ ಕೆಲಸವೇ ಇರುವುದಿಲ್ಲ. ಇನ್ನೊಂದು ಮಾತು, ಥೆರಪಿಯಿಂದ ಹ್ಯುಮ್ಯಾನಿಟಿ ವಾಪಸ್ ಬರುತ್ತದೆ, ಪೂರ್ತಿ ಅಲ್ಲ. ಅಂಕ ತಿನ್ನುವ ಒಂದೊಂದು ಉಪಕರಣಕ್ಕೂ ಗರಿಷ್ಠ ಮಿತಿಯೇ ಸಾಮಾನ್ಯವಾಗಿ 2 ಇಳಿಯುತ್ತದೆ. ಇದನ್ನು ಮೊದಲೇ ಹೇಳಿಬಿಡಿ, ಆಮೇಲೆ ಜಗಳ ಬೇಡ.

ಉತ್ತರ: ನಾನು ಶ್ಯಾಡೋರನ್‌ನವನು, ಐದನೇ ಆವೃತ್ತಿ. ಯಂತ್ರದ ಜೊತೆ ಮಂತ್ರವೂ ಇರುವ ಇಂಥದ್ದೇ ಆಟ. ನಮ್ಮಲ್ಲಿ ಲೆಕ್ಕವೇ ಕಥೆ ಹೇಳುತ್ತದೆ. ಹ್ಯುಮ್ಯಾನಿಟಿ ಬದಲು ಇಲ್ಲಿ ಎಸೆನ್ಸ್ ಅಂಕ, ಎಲ್ಲರಿಗೂ 6. ಸೊನ್ನೆ ಆದರೆ ಪಾತ್ರ ಸತ್ತ ಹಾಗೆ. ಲೋಹದ್ದು ಹಾಕಿಸಿದರೆ ಕಳೆಯುವುದು ಇಷ್ಟು: ಪೂರ್ತಿ ತೋಳು 1, ಪೂರ್ತಿ ಕಾಲು 1, ಮುಂಡ 1.5, ತಲೆಬುರುಡೆ 0.75. ಎರಡು ತೋಳು, ಎರಡು ಕಾಲು ಸೇರಿಸಿ ಕೂಡಿಸಿ ನೋಡಿ: 6.25. ಸಾಮಾನ್ಯ ದರ್ಜೆಯಲ್ಲಿ ಇಡೀ ಮೈ ಬದಲಾಯಿಸಲು ಆಗುವುದೇ ಇಲ್ಲ! ಆಲ್ಫಾ ದರ್ಜೆಯದಾದರೆ ಎಸೆನ್ಸ್ 0.8 ಪಟ್ಟು, ಮೊತ್ತ 5ಕ್ಕೆ ಇಳಿಯುತ್ತದೆ. ದುಡ್ಡಿದ್ದವನು ಬದುಕುತ್ತಾನೆ. ಇದನ್ನು ನಾನು ಭಾಷಣ ಮಾಡಿ ಹೇಳಬೇಕಾಗಿಲ್ಲ, ಬೆಲೆಪಟ್ಟಿ ಕೈಗೆ ಕೊಟ್ಟರೆ ಸಾಕು.

ಮಂತ್ರ ಹಾಕುವ ಪಾತ್ರ ಇದ್ದರೆ ಹುಷಾರು. ಎಸೆನ್ಸ್ 0.2 ಮಾತ್ರ ಕಳೆಯುವ ಕಣ್ಣು ಹಾಕಿಸಿದರೂ ಮ್ಯಾಜಿಕ್ ಅಂಕ ಪೂರ್ತಿ 1 ಇಳಿಯುತ್ತದೆ. ನಮ್ಮ ಹುಡುಗಿ ಒಬ್ಬಳು ಓದದೆ ಹಾಕಿಸಿಕೊಂಡು ಎರಡು ವಾರ ನನ್ನ ಜೊತೆ ಮಾತು ಬಿಟ್ಟಿದ್ದಳು.

ಉತ್ತರ: ಸ್ವಲ್ಪ ಬೇರೆ ಕಡೆಯಿಂದ ಹೇಳುತ್ತೇನೆ. ನನ್ನ ಎಡಗಾಲು ಮೊಣಕಾಲಿಂದ ಕೆಳಗೆ ಕೃತಕ. ಮೊದಲು ಹಾಕಿದ್ದು ಜೈಪುರ ಕಾಲು. 1968ರಲ್ಲಿ ಜೈಪುರದಲ್ಲಿ ರೂಪಿಸಿದ್ದು ಅದು, ಚಪ್ಪಲಿ ಇಲ್ಲದೆಯೂ ನಡೆಯಬಹುದು. ಅದನ್ನು ಹಾಕಿ ಕಳಿಸುವಾಗ ನನ್ನ ಮನುಷ್ಯತ್ವದಲ್ಲಿ 7 ಯಾರೂ ಕಳೆಯಲಿಲ್ಲ 🙂

ಮೊದಲ ಸಲ ಈ ನಿಯಮ ಓದಿದಾಗ ಪುಸ್ತಕ ಮುಚ್ಚಿಟ್ಟಿದ್ದೆ. ರೆಡ್‌ನಲ್ಲಿ ಅದಕ್ಕೆ ಉತ್ತರ ಇದೆ, ಜಾಸ್ತಿ ಜನ ಗಮನಿಸಲ್ಲ. ಕಳೆದುಹೋದ ಅಂಗದ ಜಾಗಕ್ಕೆ ವೈದ್ಯಕೀಯ ದರ್ಜೆಯದು ಹಾಕಿಸಿದರೆ ಹ್ಯುಮ್ಯಾನಿಟಿ ಹೋಗುವುದಿಲ್ಲ. ಅದು ಬರೀ ತೋಳು. ಒಳಗೆ ಬಂದೂಕು, ಬ್ಲೇಡು ಏನೂ ಇಲ್ಲ. ಬೇಕಿದ್ದಕ್ಕಿಂತ ಜಾಸ್ತಿ ಕೇಳಿದಾಗ ಮಾತ್ರ ಲೆಕ್ಕ ಶುರು. ನಿಮ್ಮ ಆಟಗಾರನಿಗೆ ಎರಡನ್ನೂ ಮುಂದಿಡಿ, ಆರಿಸಿಕೊಳ್ಳಲಿ.

ಇನ್ನು ದೃಶ್ಯಕ್ಕೆ ಸರಕು ಬೇಕಾದರೆ ತಗೊಳ್ಳಿ. ಸೆಕೆಗೆ ಸಾಕೆಟ್ (ಮೊಂಡು ಕೂರುವ ಕೃತಕ ಕಾಲಿನ ಗೂಡು) ಒಳಗೆ ಬೆವರಿ ಕಾಲು ಜಾರುತ್ತದೆ. ಸಂಜೆ ಹೊತ್ತಿಗೆ ಮೊಂಡು ಬಾತುಕೊಂಡು ಬೆಳಿಗ್ಗೆ ಸರಿ ಇದ್ದದ್ದು ಬಿಗಿ ಆಗುತ್ತದೆ. ಇಲ್ಲದ ಹೆಬ್ಬೆರಳು ರಾತ್ರಿ ಎರಡು ಗಂಟೆಗೆ ತುರಿಸುತ್ತದೆ, ಕೆರೆಯೋಣ ಅಂದರೆ ಬೆರಳೇ ಇಲ್ಲ. ಬಸ್ಸಲ್ಲಿ ಜನ ಮೊದಲು ಕಾಲು ನೋಡಿ ಆಮೇಲೆ ಮುಖ ನೋಡುತ್ತಾರೆ. "ಲೋಹ ಹಾಕಿಸಿದ, ಕಲ್ಲಾದ" ಅನ್ನುವುದಕ್ಕಿಂತ ಇದರಲ್ಲಿ ಆಡಲು ಜಾಸ್ತಿ ಇದೆ. ರಿಪೇರಿ ಯಾರು ಮಾಡುತ್ತಾರೆ, ದುಡ್ಡು ಯಾರದ್ದು, ಅದನ್ನೂ ಕೇಳಿ.

ಹುಣಸೆ ಬೀಜದವರು: ಮೇಲಿನವರು ಹೇಳಿದ್ದು ಸರಿ. ನಮ್ಮವನ ತೋಳಿಗೂ ವೈದ್ಯಕೀಯ ದರ್ಜೆ ಕೊಡಬಹುದಿತ್ತು. ನನಗೆ ಆಗ ಆ ನಿಯಮ ಕಣ್ಣಿಗೇ ಬಿದ್ದಿರಲಿಲ್ಲ. ಪಾಪ, ಒಂದು ಬೀಜ ಸುಮ್ನೆ ಕಳಕೊಂಡ.

ಉತ್ತರ: ಇಡೀ ಮೈ ಬದಲಾಯಿಸುವುದೇ ಅವನ ಆಸೆ ಆದರೆ ಎಕ್ಲಿಪ್ಸ್ ಫೇಸ್ ಆಟ ಒಮ್ಮೆ ನೋಡಿ. 2009ರದ್ದು, ಕ್ರಿಯೇಟಿವ್ ಕಾಮನ್ಸ್ ಪರವಾನಗಿಯಲ್ಲಿದೆ, ಅಂದರೆ ಹಂಚಿಕೊಳ್ಳಬಹುದು. ಅಲ್ಲಿ ಮೈ ಅಂದರೆ ಅಂಗಿ ಇದ್ದ ಹಾಗೆ. ಮನಸ್ಸಿನ ನಕಲು ಮೈಯೊಳಗಿನ ಕಾರ್ಟಿಕಲ್ ಸ್ಟ್ಯಾಕ್ ಅನ್ನುವ ಉಪಕರಣದಲ್ಲಿ ಇರುತ್ತದೆ, ಮೈ ಸತ್ತರೆ ಇನ್ನೊಂದಕ್ಕೆ ಹಾಕುತ್ತಾರೆ. ಹೊಸ ಮೈಗೆ ಒಗ್ಗಿಕೊಳ್ಳಲು, ಕನ್ನಡಿಯಲ್ಲಿ ಕಾಣುವವನು ನಾನೇ ಅಂತ ಒಪ್ಪಿಕೊಳ್ಳಲು ಬೇರೆ ಬೇರೆ ಪರೀಕ್ಷೆ. ಅಗ್ಗದ ಲೋಹದ ಮೈಯಲ್ಲಿರುವವರು ಹೆಚ್ಚಾಗಿ ಭೂಮಿ ಬಿಟ್ಟು ಬಂದ ನಿರಾಶ್ರಿತರು, ಜನ ಅವರನ್ನು ಕೀಳಾಗಿ ನೋಡುತ್ತಾರೆ. ಅಲ್ಲಿ ಲೋಹದ ಮೈ ಶೋಕಿ ಅಲ್ಲ, ಬಡತನ. ನನಗೆ ಹಿಡಿಸಿದ್ದು ಅದು.

ಇಷ್ಟೆಲ್ಲ ತಲೆನೋವು ಬೇಡ, ಮಜಾ ಸಾಕು ಅಂದರೆ ಸ್ಟಾರ್‌ಫೈಂಡರ್ ಆಟದ ಮೊದಲ ಆವೃತ್ತಿ. ದೇಹದ ಒಂದು ಭಾಗಕ್ಕೆ ಒಂದು ಉಪಕರಣ, ದುಡ್ಡು ಕೊಡಿ, ಹಾಕಿಸಿಕೊಳ್ಳಿ. ಮಾನವೀಯತೆಯ ಲೆಕ್ಕವೇ ಇಲ್ಲ.

ಕೇಳಿದವರು: ಎಲ್ಲರಿಗೂ ಥ್ಯಾಂಕ್ಸ್. ಇವತ್ತು ನಮ್ಮ ಆಟಗಾರನಿಗೆ ಫೋನ್ ಮಾಡಿ ಎರಡೂ ಬಗೆಯ ತೋಳಿನ ವಿಷಯ ಹೇಳಿದೆ. ಹತ್ತು ನಿಮಿಷ ಯೋಚಿಸಿ ವೈದ್ಯಕೀಯ ದರ್ಜೆಯದನ್ನೇ ಆರಿಸಿದ. ಬ್ಲೇಡು ಇರುವುದನ್ನು ಆಮೇಲೆ ನೋಡೋಣ ಅಂದ. ದುಡ್ಡು ಯಾರದ್ದು ಅಂತ ಕೇಳಿದೆ. "ನನ್ನ ಪಾತ್ರದ ಮಾವನ ಹತ್ತಿರ ಸಾಲ" ಅಂದ. ಎಂಟು ತಿಂಗಳಿಂದ ಆಡ್ತಿದ್ದೀವಿ. ಆ ಪಾತ್ರಕ್ಕೊಬ್ಬ ಮಾವ ಇದ್ದಾನೆ ಅಂತ ನನಗೆ ಗೊತ್ತಾಗಿದ್ದು ಇವತ್ತೇ.