ಪಫ್ ಪ್ಯಾನೆಲ್ ಛಾವಣಿ: ಝಡ್ ಪರ್ಲಿನ್ ತಿರುಚದಂತೆ ಪ್ಯಾನೆಲ್ ಎಷ್ಟು ತಡೆಯುತ್ತದೆ?

ಪ್ರಶ್ನೆ:
ಬೆಂಗಳೂರಿನ ಹೊರವಲಯದ ಶೀತಲಗೃಹವೊಂದಕ್ಕೆ 200 ಮಿ.ಮೀ. ಎತ್ತರ, 2 ಮಿ.ಮೀ. ದಪ್ಪದ, ಛಾವಣಿಯನ್ನು ಹೊರುವ Z ಆಕಾರದ ಉಕ್ಕಿನ ಅಡ್ಡತೊಲೆಗಳಾದ ಝಡ್ ಪರ್ಲಿನ್‌ಗಳ ಮೇಲೆ 50 ಮಿ.ಮೀ. ಪಫ್ ಪ್ಯಾನೆಲ್ (ಎರಡು ತಗಡುಗಳ ನಡುವೆ ಪಾಲಿಯುರೆಥೇನ್ ಫೋಮ್ ತುಂಬಿದ ಹಲಗೆ) ಹೊದಿಸುವ ವಿನ್ಯಾಸ ಮಾಡುತ್ತಿದ್ದೇನೆ. ಪ್ಯಾನೆಲ್ಲೇ ಪರ್ಲಿನ್ನನ್ನು ಹಿಡಿದುಕೊಳ್ಳುವುದರಿಂದ ಸ್ಯಾಗ್ ರಾಡ್ (ಪರ್ಲಿನ್ನುಗಳನ್ನು ಒಂದಕ್ಕೊಂದು ಕಟ್ಟಿಹಿಡಿಯುವ ಸರಳು) ಬೇಡ ಎಂದು ಪೂರೈಕೆದಾರರು ಹೇಳುತ್ತಿದ್ದಾರೆ. ಭಾರತೀಯ ಮಾನಕ ಐಎಸ್ 875ರಂತೆ ಇಲ್ಲಿನ ಮೂಲ ಗಾಳಿವೇಗ ಸೆಕೆಂಡಿಗೆ 33 ಮೀಟರ್. ಗುಣಕಗಳನ್ನೆಲ್ಲ 1 ಎಂದು ಹಿಡಿದರೆ ಒತ್ತಡ ಚದರ ಮೀಟರಿಗೆ ಸುಮಾರು 650 ನ್ಯೂಟನ್, ಪ್ಯಾನೆಲ್ಲಿನ ತೂಕವೋ 100 ನ್ಯೂಟನ್ನಿನ ಆಸುಪಾಸು. ಗಾಳಿ ಛಾವಣಿಯನ್ನು ಮೇಲಕ್ಕೆಳೆದಾಗ ಯಾವ ಆಸರೆಯೂ ಇಲ್ಲದ ಕೆಳ ಫ್ಲ್ಯಾಂಜ್ (ಪರ್ಲಿನ್ನಿನ ಅಡ್ಡ ಅಂಚುಪಟ್ಟಿ) ಸಂಪೀಡನಕ್ಕೆ ಒಳಗಾಗಿ ಪಕ್ಕಕ್ಕೆ ಬಾಗುವುದನ್ನು ಪ್ಯಾನೆಲ್ ಎಷ್ಟು ತಡೆದೀತೆಂದು ಪರೀಕ್ಷಿಸುವುದು ಹೇಗೆ?

ಉತ್ತರ 1:
ಐರೋಪ್ಯ ವಿನ್ಯಾಸ ಮಾನಕವಾದ ಯೂರೋಕೋಡ್ ಇಎನ್ 1993-1-3ರ ಅನುಬಂಧ ಎ ಇದಕ್ಕೊಂದು ಸರಳ ಪರೀಕ್ಷೆಯನ್ನು ಕೊಡುತ್ತದೆ. ಪ್ಯಾನೆಲ್ಲಿನ ತುಂಡೊಂದನ್ನು ಅಲುಗದಂತೆ ಬಿಗಿದು, ಸೈಟಿನಲ್ಲಿ ಬಳಸುವ ಸ್ಕ್ರೂಗಳಿಂದಲೇ ಪರ್ಲಿನ್ ತುಂಡನ್ನು ಅದಕ್ಕೆ ಜೋಡಿಸಿ, ಬಿಡುವಾಗಿರುವ ಫ್ಲ್ಯಾಂಜನ್ನು ಪಕ್ಕಕ್ಕೆ ಎಳೆಯುತ್ತ ಡಯಲ್ ಗೇಜಿನಲ್ಲಿ ಸರಿತವನ್ನು ಅಳೆಯಬೇಕು. ಆದರೆ ಗೇಜು ತೋರಿಸುವುದೆಲ್ಲ ಜೋಡಣೆಯ ತಿರುಗುವಿಕೆಯಲ್ಲ. ನಿಮ್ಮ ಪರ್ಲಿನ್ನಿನಲ್ಲಿ, ಮೀಟರ್ ಉದ್ದಕ್ಕೆ 100 ನ್ಯೂಟನ್ ಬಲ ಹಾಕಿದರೆ ವೆಬ್ (ಎರಡು ಫ್ಲ್ಯಾಂಜುಗಳ ನಡುವಿನ ನಿಂತ ತಗಡು) ಬಾಗುವುದರಿಂದಲೇ ಸುಮಾರು 2 ಮಿ.ಮೀ. ಸರಿತ ಬರುತ್ತದೆ. ಅದನ್ನು ಕಳೆದು ಉಳಿದದ್ದು ಮಾತ್ರ ಜೋಡಣೆಯ ಪಾಲು. ವೆಬ್ಬಿನ ಈ ಪಾಲು ದಪ್ಪದ ಘನಕ್ಕೆ ವಿಲೋಮವಾಗಿ ಬದಲಾಗುವುದರಿಂದ, ಖರ್ಚು ಉಳಿಸಲು ದಪ್ಪವನ್ನು 1.6 ಮಿ.ಮೀ.ಗೆ ಇಳಿಸಿದರೆ ಅದು ಹತ್ತಿರ ಹತ್ತಿರ ಇಮ್ಮಡಿಯಾಗುತ್ತದೆ. ಆಗ ಎಂಥ ಪ್ಯಾನೆಲ್ ಹಾಕಿದರೂ ಆ ನಷ್ಟ ತುಂಬುವುದಿಲ್ಲ.

ಉತ್ತರ 2:
ಮೇಲಿನ ಉತ್ತರಕ್ಕೆ ಒಂದು ಸೇರ್ಪಡೆ. ಪ್ಯಾನೆಲ್ಲಿನ ಭಾರ ಕೆಳಗೆ ಒತ್ತುವಾಗ ಮೇಲ್ ಫ್ಲ್ಯಾಂಜಿನ ಅಂಚು ಪ್ಯಾನೆಲ್ಲಿನ ಕೆಳ ತಗಡಿಗೆ ಒರಗಿ ತಿರುಗುವಿಕೆಯನ್ನು ಚೆನ್ನಾಗಿಯೇ ತಡೆಯುತ್ತದೆ. ಮೇಲ್ಸೆಳೆತದಲ್ಲಿ ಆ ಒರಗು ಸಡಿಲವಾಗಿ, ಪ್ಯಾನೆಲ್ಲಿನ ಪೂರ್ತಿ ದಪ್ಪವನ್ನು ಹಾದುಬಂದ ಉದ್ದನೆಯ ಸ್ಕ್ರೂ ಒಂದೇ ಉಳಿಯುತ್ತದೆ, ಅದರ ತಲೆಯಡಿಯ ತೆಳು ತಗಡೂ ತಗ್ಗಾಗುತ್ತದೆ. ಆದ್ದರಿಂದ ಎರಡೂ ದಿಕ್ಕಿನ ಪರೀಕ್ಷೆ ಬೇಕು. ಬಿಸಿಲಿಗೆ ಕಾದ ಫೋಮ್ ಮೆತ್ತಗಾಗುವುದರಿಂದ, ಪ್ರಯೋಗಾಲಯದ ತಂಪಿನಲ್ಲಿ ಸಿಕ್ಕ ಅಂಕಿಯನ್ನು ಹಾಗೇ ಬಳಸಬೇಡಿ. ಯೂರೋಕೋಡಿನ ಸಿದ್ಧ ಕೋಷ್ಟಕದ ಮೌಲ್ಯಗಳು ಏರುತಗ್ಗಿನ ಮಡಿಕೆಗಳಿರುವ ಒಂಟಿ ತಗಡಾದ ಟ್ರೆಪೆಜಾಯ್ಡಲ್ ಶೀಟಿಗೆ ಸಂಬಂಧಿಸಿದವು, ಪಫ್ ಪ್ಯಾನೆಲ್ಲಿಗಲ್ಲ.

ಪ್ರಶ್ನಿಸಿದವರು:
ಇಬ್ಬರಿಗೂ ಧನ್ಯವಾದಗಳು. ಪೂರೈಕೆದಾರರು ಕಳುಹಿಸಿದ ವರದಿಯನ್ನು ಮತ್ತೆ ನೋಡಿದೆ. ಅದರಲ್ಲಿರುವುದು ಕೆಳಮುಖ ಭಾರದ ಪರೀಕ್ಷೆ ಮಾತ್ರ. ಮೇಲ್ಸೆಳೆತದ ಫಲಿತಾಂಶ ಕೈಸೇರುವವರೆಗೆ ಕೆಳ ಫ್ಲ್ಯಾಂಜಿನ ಹತ್ತಿರವೇ ಸ್ಯಾಗ್ ರಾಡ್ ಇಟ್ಟು ನಕ್ಷೆ ಕಳುಹಿಸುತ್ತಿದ್ದೇನೆ.