ದೊಡ್ಡಪ್ಪನ ಯೆಜ್ಡಿ ರೋಡ್‌ಕಿಂಗ್ ಬೈಕು, ಮನೆ ಶೆಡ್ಡಿನಲ್ಲೇ ರೆಡಿ ಮಾಡಬೇಕು: ಮೊದಲು ಏನು ಬಿಚ್ಚಲಿ?

ಹಾಸನದ ಹೊಸಬ:
ಎಲ್ಲರಿಗೂ ನಮಸ್ಕಾರ. ನಮ್ಮ ದೊಡ್ಡಪ್ಪನ 1984ರ ರೋಡ್‌ಕಿಂಗ್ ಕೊಟ್ಟಿಗೆ ಪಕ್ಕದ ಶೆಡ್ಡಿನಲ್ಲಿ ಎಷ್ಟೋ ವರ್ಷದಿಂದ ನಿಂತಿದೆ. ಅವರು ತೀರಿಹೋದ ಮೇಲೆ ಯಾರೂ ಮುಟ್ಟಿಲ್ಲ. ಕಿಕ್ಕರ್ ಒಂದಿಷ್ಟೂ ಅಲ್ಲಾಡುವುದಿಲ್ಲ, ಟ್ಯಾಂಕ್ ಒಳಗೆ ಬರೀ ತುಕ್ಕು, ಸೀಟು ಇಲಿ ತಿಂದಿದೆ. ಆರ್‌ಸಿ ಬುಕ್ ಸಿಕ್ಕಿದೆ, ಎಂವೈ ಸೀರೀಸ್‌ನ ಹಳೇ ನಂಬರು. ಒಂದು ಸ್ಪ್ಯಾನರ್ ಸೆಟ್, ಬೆಂಚ್ ವೈಸ್, ಡ್ರಿಲ್ ಮಷಿನ್ ಇದೆ. ಸ್ನೇಹಿತ ಹೇಳುತ್ತಾನೆ ಮೊದಲು ಚಾಸಿ ಬಿಚ್ಚಿ ಪೌಡರ್ ಕೋಟಿಂಗ್‌ಗೆ ಕೊಡು, ಪೇಂಟ್ ಆದರೆ ಕೆಲಸ ಮಾಡಲು ಹುರುಪು ಬರುತ್ತದೆ ಅಂತ. ಹಾಗೇ ವಿಂಟೇಜ್ ಅಂತ ರಿಜಿಸ್ಟರ್ ಮಾಡಿಸಿದರೆ ಆರ್‌ಟಿಓ ತಲೆನೋವು ತಪ್ಪುತ್ತದಾ?

ಕಾಗದ ಮೊದಲು:
ವಿಂಟೇಜ್ ಆಸೆ ಬಿಡಿ. 2021ರ ಕೇಂದ್ರದ ನಿಯಮದ ಪ್ರಕಾರ ಮೊದಲ ನೋಂದಣಿಯಾಗಿ 50 ವರ್ಷ ದಾಟಿರಬೇಕು, ನಿಮ್ಮದಕ್ಕೆ ಅದು 2034ಕ್ಕೆ. ಆಮೇಲೂ ವಿಂಟೇಜ್ ಗಾಡಿಯನ್ನು ದಿನಾ ಓಡಿಸುವ ಹಾಗಿಲ್ಲ, ಹೊಸದಾಗಿ ನೋಂದಣಿಗೆ ಶುಲ್ಕವೇ 20,000 ರೂಪಾಯಿ. ಮಾಮೂಲಿ ಆರ್‌ಸಿ ನವೀಕರಣವೇ ನಿಮಗೆ ಸರಿ, 5 ವರ್ಷಕ್ಕೊಮ್ಮೆ. ದೊಡ್ಡಪ್ಪ ಇಲ್ಲ ಅಂದಿರಲ್ಲ, ವಾರಸುದಾರರ ಹೆಸರಿಗೆ ಬದಲಾಯಿಸಲು ಫಾರಂ 31, ನವೀಕರಣಕ್ಕೆ ಫಾರಂ 25. ದೊಡ್ಡಮ್ಮ, ಅವರ ಮಕ್ಕಳ ಒಪ್ಪಿಗೆ ಈಗಲೇ ಬರೆಸಿಕೊಳ್ಳಿ. ಗಾಡಿ ಮಿಂಚತೊಡಗಿದ ಮೇಲೆ ಕೇಳಿದರೆ ಎಲ್ಲರಿಗೂ ಅದರ ಮೇಲೆ ಪ್ರೀತಿ ಬಂದಿರುತ್ತದೆ 😄

ಪೌಡರ್ ಕೋಟಿಂಗ್‌ಗೆ ಈಗ ಖಂಡಿತ ಕೊಡಬೇಡಿ. ಹ್ಯಾಂಡಲ್ ಕೆಳಗಿನ ಪೈಪಿನ ಹತ್ತಿರ ಕೊರೆದಿರುವ ಚಾಸಿ ನಂಬರು, ಎಂಜಿನ್ ನಂಬರು ಎರಡನ್ನೂ ಒರೆಸಿ ಫೋಟೋ ತೆಗೆದು ಆರ್‌ಸಿ ಜೊತೆ ತಾಳೆ ನೋಡಿ. ಕೋಟಿಂಗ್‌ಗೆ ಮೊದಲು ಹಳೇ ಬಣ್ಣ ಕೆರೆಯಲು ಗ್ರೈಂಡರ್ ಹಿಡಿದವನ ಕೈ ಸ್ವಲ್ಪ ಜೋರಾದರೆ ನಂಬರು ಮಾಸುತ್ತದೆ, ಆಮೇಲೆ ಅದು ಯಾರ ಗಾಡಿ ಅಂತ ಸಾಬೀತು ಮಾಡುತ್ತಾ ಕೂರಬೇಕು.

ಟೂ ಸ್ಟ್ರೋಕ್ ಹುಚ್ಚ:
ಪೇಂಟ್ ಕೊನೆಗೆ ಗುರು. ಮೊದಲು ಎಂಜಿನ್. ಕಿಕ್ಕರ್ ಮೇಲೆ ಹತ್ತಿ ನಿಂತು ತುಳಿಯಬೇಡಿ. ಈ ಗಾಡಿಯಲ್ಲಿ ಕಿಕ್ಕರೂ ಗೇರ್ ಲಿವರೂ ಒಂದೇ ತಾನೇ, ಅದು ಹಾಳಾದರೆ ಎರಡೂ ಹೋದ ಹಾಗೆ. ಪ್ಲಗ್ ಬಿಚ್ಚಿ ಆ ತೂತಿನಲ್ಲಿ ತುಕ್ಕು ಬಿಡಿಸುವ ಎಣ್ಣೆ, ಇಲ್ಲ ಡೀಸೆಲ್ ಹಾಕಿ ಸುಮ್ನೆ ಬಿಡಿ. ಕೆಲವು ದಿನ ಬಿಟ್ಟು ಹೆಡ್ ಮತ್ತು ಬ್ಲಾಕ್ (ಪಿಸ್ಟನ್ ಓಡಾಡುವ ಸಿಲಿಂಡರ್) ಎಬ್ಬಿಸಿ ನೋಡಿ, ಸುತ್ತಿಗೆ ಹೊಡೆಯಲೇಬೇಕಾದರೆ ಮರದ ತುಂಡು ಇಟ್ಟು ಹಗುರವಾಗಿ.

ಪಿಸ್ಟನ್ ಬಿಡಿಸಿಕೊಂಡ ಕೂಡಲೇ ಸ್ಟಾರ್ಟ್ ಮಾಡುವ ಆತುರ ಎಲ್ಲರಿಗೂ ಇರುತ್ತದೆ. ಬೇಡ. ಇಷ್ಟು ವರ್ಷ ನಿಂತ ಎಂಜಿನ್‌ನಲ್ಲಿ ಕ್ರ್ಯಾಂಕಿನ (ಪಿಸ್ಟನ್ ತಿರುಗಿಸುವ ದಂಡ) ಆಯಿಲ್ ಸೀಲ್‌ಗಳು ಒಣಗಿ ಕಲ್ಲಾಗಿರುತ್ತವೆ. ಕ್ಲಚ್ ಕಡೆಯ ಸೀಲ್ ಹೋದರೆ ಗೇರ್ ಬಾಕ್ಸ್ ಆಯಿಲ್ ಒಳಗೆ ಎಳೆದುಕೊಂಡು ಬೀದಿ ತುಂಬ ಹೊಗೆ, ಪ್ಲಗ್ ಮತ್ತೆ ಮತ್ತೆ ಕಪ್ಪು. ಅದಾದರೂ ಕಣ್ಣಿಗೆ ಕಾಣುತ್ತದೆ. ಪಾಯಿಂಟ್ (ಪ್ಲಗ್‌ಗೆ ಕಿಡಿ ಕೊಡಿಸುವ ಸ್ವಿಚ್) ಕಡೆಯ ಸೀಲ್ ಹೋದರೆ ಬರೀ ಗಾಳಿ ಎಳೆಯುತ್ತದೆ, ಪೆಟ್ರೋಲ್ ಜೊತೆ ಬರುವ ಆಯಿಲ್ ಸಾಲುವುದಿಲ್ಲ, ಎಂಜಿನ್ ಕಾದು ಹೊಸ ಪಿಸ್ಟನ್ನೇ ಸೀಜ್, ಅಂದರೆ ಕಚ್ಚಿಕೊಂಡು ನಿಲ್ಲುತ್ತದೆ. ಜನ ಕಾರ್ಬೊರೇಟರ್ ಬಯ್ಯುತ್ತಾ ಜೆಟ್ ಬದಲಾಯಿಸುತ್ತಾ ಇರುತ್ತಾರೆ, ತೊಂದರೆ ಇರುವುದು ಅಗ್ಗದ ರಬ್ಬರ್ ಸೀಲ್‌ನಲ್ಲಿ. ಕ್ರ್ಯಾಂಕ್ ಕೇಸ್ ಬಿಚ್ಚಿ ಎರಡು ಭಾಗ ಮಾಡಿ ಸೀಲ್, ಬೇರಿಂಗ್ ಎರಡನ್ನೂ ಬದಲಾಯಿಸಿ. ಪಾಯಿಂಟ್ ಗ್ಯಾಪ್ 0.4 ಮಿಮೀ, ಲೀಟರ್ ಪೆಟ್ರೋಲಿಗೆ 40 ಮಿಲೀ ಟೂ ಟಿ ಆಯಿಲ್.

ಮೈಸೂರು ಮೂಲ:
ಪೇಂಟ್ ಕೊನೆಗೆ ಅಲ್ಲ, ಸಾಧ್ಯವಾದರೆ ಬೇಡವೇ ಬೇಡ. ಯೆಜ್ಡಿ ಮಾಡುತ್ತಿದ್ದ ಮೈಸೂರಿನ ಐಡಿಯಲ್ ಜಾವಾ ಫ್ಯಾಕ್ಟರಿ 1996ರಲ್ಲಿ ಮುಚ್ಚಿತು, ಅಲ್ಲಿ ಬಳಿದ ಬಣ್ಣ ಇನ್ನು ಯಾರೂ ಬಳಿಯಲಾರರು. ಜುಲೈ ಎರಡನೇ ಭಾನುವಾರ ಜಾವಾ, ಯೆಜ್ಡಿ ಗಾಡಿಯವರು ಸೇರುವ ಜಾವಾ ಡೇಗೆ ಹೋಗಿ ನೋಡಿ, ಕನ್ನಡಿ ಥರ ಹೊಳೆಯುವ ಗಾಡಿಗಳು ಸಾಲಾಗಿ ನಿಂತಿರುತ್ತವೆ. ನಾನು ಹೋಗಿ ನಿಲ್ಲುವುದು ಮಾತ್ರ ಬಣ್ಣ ಮಾಸಿದ, ಟ್ಯಾಂಕಿನ ಮೇಲೆ ಮೊಣಕಾಲು ಉಜ್ಜಿದ ಗುರುತಿರುವ ಗಾಡಿ ಹತ್ತಿರ.

ಟೂ ಸ್ಟ್ರೋಕ್ ಹುಚ್ಚ:
@ಮೈಸೂರು ಮೂಲ, ಇಲಿ ತಿಂದ ಸೀಟೂ ಹಾಗೇ ಇರಲಿ ಅಂತೀರಾ ಸರ್? 😂

ಹಾಸನದ ಹೊಸಬ:
ಎಲ್ಲರಿಗೂ ಥ್ಯಾಂಕ್ಸ್. ಚಾಸಿ ನಂಬರು ತಾಳೆಯಾಯಿತು, ಎಂಜಿನ್ ನಂಬರಿನ ಮೇಲೆ ಗ್ರೀಸ್ ಗಟ್ಟಿಯಾಗಿದೆ, ಸೀಮೆಎಣ್ಣೆ ಹಾಕಿದ್ದೇನೆ. ಹೊರಗಿನ ಬಣ್ಣ ಕೆಡದ ಹಾಗೆ ಟ್ಯಾಂಕಿನ ತುಕ್ಕು ಹೇಗೆ ತೆಗೆಯುವುದು? ಬ್ಲಾಕನ್ನು ಬೋರಿಂಗ್‌ಗೆ (ಒಳಗೋಡೆ ಕೊರೆದು ಸಮ ಮಾಡಲು) ಕೊಡುವ ಮೊದಲೇ ಪಿಸ್ಟನ್ ತರಬೇಕಾ?

ಲೇತ್ ಮನೆ:
ಟ್ಯಾಂಕಿಗೆ ಟಾಯ್ಲೆಟ್ ತೊಳೆಯುವ ಆಸಿಡ್ ಹಾಕುವವರಿದ್ದಾರೆ, ಚೆಲ್ಲಿದರೆ ಬಣ್ಣ ಹೋಯಿತು. ವಾಷಿಂಗ್ ಸೋಡಾ ನೀರು ತುಂಬಿ ಬ್ಯಾಟರಿ ಚಾರ್ಜರ್ ಕೊಡಿ. ಟ್ಯಾಂಕಿಗೆ ಮೈನಸ್, ಒಳಗೆ ಇಳಿಬಿಟ್ಟ ಕಬ್ಬಿಣದ ಸರಳಿಗೆ ಪ್ಲಸ್, ಸರಳು ಟ್ಯಾಂಕಿಗೆ ತಾಗಬಾರದು. ಸ್ಟೀಲ್ ಚಮಚ ಗಿಮಚ ಇಳಿಬಿಡಬೇಡಿ, ನೀರಿಗೆ ವಿಷ ಸೇರುತ್ತದೆ. ಹಳೇ ಪೆಟ್ರೋಲ್ ಪೂರ್ತಿ ತೊಳೆದಿರಲಿ, ಹೈಡ್ರೋಜನ್ ಬರುವುದರಿಂದ ಶೆಡ್ ಒಳಗೆ ಬೇಡ, ಅಂಗಳದಲ್ಲಿ ಮಾಡಿ. ಬೀಡಿ ಸೇದುವವರನ್ನು ದೂರ ಇಡಿ.

ಬ್ರೇಕ್ ಡ್ರಮ್ ಬಿಚ್ಚಿದಾಗ ಧೂಳನ್ನು ಗಾಳಿ ಹೊಡೆದು ಹಾರಿಸಬೇಡಿ, ಹಳೇ ಲೈನರ್‌ನಲ್ಲಿ ಆಸ್ಬೆಸ್ಟಾಸ್ ಇರಬಹುದು. ಒದ್ದೆ ಬಟ್ಟೆಯಲ್ಲಿ ಒರೆಸಿ.

ಪಿಸ್ಟನ್ ವಿಷಯ: ಮೊದಲು ಬ್ಲಾಕ್ ಅಳತೆ ಮಾಡಿಸಿ. ಯಾವ ಓವರ್‌ಸೈಜ್ (ಮೂಲ ಅಳತೆಗಿಂತ ಎಷ್ಟು ದೊಡ್ಡ ಪಿಸ್ಟನ್) ಬೇಕು ಗೊತ್ತಾದ ಮೇಲೆ ಬೆಂಗಳೂರಿನ ಜೆಸಿ ರೋಡಿನಲ್ಲೋ ಬೇರೆಲ್ಲೋ ಪಿಸ್ಟನ್ ಹುಡುಕಿ ತನ್ನಿ. ಅದು ಕೈಗೆ ಬಂದ ಮೇಲೆ ಬ್ಲಾಕ್ ಜೊತೆ ಅದನ್ನೂ ಕೊಟ್ಟು, ಆ ಪಿಸ್ಟನ್ ಅಳತೆಗೇ ಬೋರ್ ಮಾಡಿಸಿ. ಡಬ್ಬದ ಮೇಲೆ 0.50 ಅಂತ ಬರೆದಿದ್ದರೂ ಒಳಗಿರುವುದು ಅಷ್ಟೇ ಇರುತ್ತದೆ ಅಂತ ನಂಬಬೇಡಿ, ಮೈಕ್ರೋಮೀಟರ್ ಹಿಡಿದು ನೋಡಲು ಹೇಳಿ.