ರಿಸೆಪ್ಟರ್‌ಗೆ ಕನ್ನಡದಲ್ಲಿ ಏನನ್ನೋಣ? ನಾಳೆ ನಾಲ್ಕು ಗಂಟೆಯೊಳಗೆ ಬೇಕು

ಶಿವಮೊಗ್ಗದಿಂದ:

ಎಲ್ಲರಿಗೂ ನಮಸ್ಕಾರ. ಇಲ್ಲಿನ ಒಂದು ಲ್ಯಾಬಿಗೆ ಬೋರ್ಡು ಬರೆದುಕೊಡುತ್ತಿದ್ದೇನೆ. ಫ್ಲೆಕ್ಸ್ ಅಂಗಡಿ ಹುಡುಗ ನಾಳೆ ನಾಲ್ಕರೊಳಗೆ ಫೈಲ್ ಕೊಡಿ ಅಂದಿದ್ದಾನೆ. ಒಂದು ಪದದಲ್ಲಿ ಸಿಕ್ಕಿಹಾಕಿಕೊಂಡಿದ್ದೇನೆ.

ಬೋರ್ಡಿನಲ್ಲಿ ಎರಡು ಸಾಲು. ಒಂದು ಥೈರಾಯ್ಡಿನದು, ರಕ್ತದಲ್ಲಿ ಅಳೆಯುವ ಹಾರ್ಮೋನುಗಳು: ಟಿ3, ಟಿ4, ಟಿಎಸ್‌ಎಚ್. ಇನ್ನೊಂದು ಸ್ತನ ಕ್ಯಾನ್ಸರಿನದು: ಈಸ್ಟ್ರೋಜನ್ ರಿಸೆಪ್ಟರ್, ಪ್ರೊಜೆಸ್ಟರಾನ್ ರಿಸೆಪ್ಟರ್, ಅಂದರೆ ಕೋಶದೊಳಗೆ ಆ ಹಾರ್ಮೋನುಗಳನ್ನು ಹಿಡಿದುಕೊಳ್ಳುವ ಪ್ರೋಟೀನುಗಳು. ಹಳೇ ಬೋರ್ಡಿನಲ್ಲಿ ಎರಡಕ್ಕೂ ‘ಹಾರ್ಮೋನ್ ಪರೀಕ್ಷೆ’ ಅಂತಲೇ ಇತ್ತು. ಹೋದ ವಾರ ಹೊಸನಗರ ಕಡೆಯ ಒಬ್ಬರು ಬಂದರು. ‘ಹಾರ್ಮೋನ್ ಟೆಸ್ಟ್’ ಅಂದರು, ಸೆರಗು ಸರಿಸಿ ತೋಳು ಚಾಚಿದರು. ರಕ್ತ ತೆಗೆದು ಟಿಎಸ್‌ಎಚ್ ಮಾಡಿ ಕಳಿಸಿಬಿಟ್ಟರು. ಅವರಿಗೆ ಬೇಕಿದ್ದದ್ದು ಬಯಾಪ್ಸಿಯಲ್ಲಿ ತೆಗೆದ ಚೂರಿನ ಪರೀಕ್ಷೆ. ಆ ಚೂರು ಕೂರಿಸಿದ ಮೇಣದ ಬ್ಲಾಕು ಅವರ ಬ್ಯಾಗಿನಲ್ಲೇ ಇತ್ತು, ಔಷಧಿ ಕವರಿನೊಳಗೆ, ಬಸ್ ಟಿಕೆಟ್ ಜೊತೆ. ಇವರು ಕೇಳಲಿಲ್ಲ, ಅವರೂ ಹೇಳಲಿಲ್ಲ.

ರಿಸೆಪ್ಟರ್‌ಗೆ ‘ಗ್ರಾಹಕ’ ಅಂತ ಟೈಪ್ ಮಾಡಿ ಕಳಿಸಿದ್ದೆ. ಹುಡುಗ ಫೋನ್ ಮಾಡಿದ. ‘ಮೇಡಂ, ಈಸ್ಟ್ರೋಜನ್ ಗ್ರಾಹಕ ಅಂದ್ರೆ ಯಾವ ಗಿರಾಕಿ? ಅವ್ರಿಗೆ ಡಿಸ್ಕೌಂಟಾ?’ ಬೇರೆ ಪದ ಕೊಡಿ, ಪ್ಲೀಸ್.

ಸಾಗರದಿಂದ:

‘ಪಡೆಕ’ ಅನ್ನಿ. ಪಡೆಯುವುದು ಪಡೆಕ, ಅಷ್ಟೇ. ಹೇಗೂ ಕೈ ಹಾಕಿದ್ದೀರಿ, ಉಳಿದದ್ದನ್ನೂ ತೊಳೆದುಬಿಡಿ. ರಕ್ತ ಯಾಕೆ, ನೆತ್ತರು ಇಲ್ವಾ? ಸ್ತನ ಯಾಕೆ? ಉಡುತಡಿಯ ಅಕ್ಕನ ಸೀಮೆಯವರು ನಾವು, ಮೊಲೆ ಅನ್ನೋಕೆ ನಾಚಿಕೆಯೇ? ಪರೀಕ್ಷೆ ಬದಲು ‘ತಪಾಸಣೆ’ ಹಾಕಿ, ನಮ್ಮದೇ ಪದ. ಇನ್ನು ಥೈರಾಯ್ಡ್. ಗ್ರೀಕಿನಲ್ಲಿ ಥುರಾ ಅಂದರೆ ಬಾಗಿಲು. ಬಾಗಿಲನ್ನು ಏನು ಮಾಡುತ್ತೇವೆ? ತೆರೆಯುತ್ತೇವೆ. ತೆರೆ, ಥುರಾ. ಹತ್ತು ವರ್ಷದಿಂದ ಹೇಳುತ್ತಿದ್ದೇನೆ.

ತೀರ್ಥಹಳ್ಳಿಯಿಂದ:

ಹತ್ತು ವರ್ಷದಿಂದ ತಪ್ಪು ಹೇಳುತ್ತಿದ್ದೀರಿ. ಥುರಾದ ನೆಂಟ ಸಂಸ್ಕೃತದ ದ್ವಾರ, ನಮ್ಮ ತೆರೆ ಅಲ್ಲ. ಬಾಗಿಲಿನಂಥ ದೊಡ್ಡ ಗುರಾಣಿಗೆ ಗ್ರೀಕರು ಥುರೆಯೋಸ್ ಅಂದರು. ಗಂಟಲಿನ ಮುಂದಿನ ಮೃದು ಮೂಳೆಗೆ ಆ ಹೆಸರು ಬಂತು. ಪಕ್ಕದ ಗ್ರಂಥಿಗೆ 1656ರಲ್ಲಿ ಥಾಮಸ್ ವಾರ್ಟನ್ ಅದನ್ನೇ ಇಟ್ಟ. ‘ತಪಾಸಣೆ’ ಮರಾಠಿಯಿಂದ ಬಂದದ್ದು. ಗಿರಾಕಿ ಹುಟ್ಟಿದ್ದೂ ಗ್ರಾಹಕದಿಂದಲೇ, ಆ ಹುಡುಗನ ಕಿವಿ ಚುರುಕಾಗಿದೆ. ಗ್ರಾಹಕ ಬೇಡವಾದರೆ ‘ಗ್ರಾಹಿ’ ಅನ್ನಿ. ಪಡೆಕ ಅಂದರೆ ಪಡೆಯಲ್ಲಿ ಇರುವವನು ಅನ್ನಿಸುತ್ತದೆ.

ಶಿಕಾರಿಪುರದಿಂದ:

ಮೇಷ್ಟ್ರೇ, ಜಗಳ ಆಮೇಲೆ. ನಾನು ಲ್ಯಾಬಿನವಳು. ಗ್ರಾಹಿ, ಪಡೆಕ ಎರಡನ್ನೂ ನಮ್ಮ ಕೌಂಟರಿನಲ್ಲಿ ಯಾರೂ ಕೇಳಿಲ್ಲ. ನಮಗೆ ಕಷ್ಟ ಕೊಡುವುದು ಜನಕ್ಕೆ ಗೊತ್ತಿರುವ ಪದಗಳೇ. ‘ಥೈರಾಯ್ಡ್ ಜಾಸ್ತಿ ಆಗಿದೆ’ ಅಂತಾರೆ. ರಿಪೋರ್ಟ್ ನೋಡಿದರೆ ಟಿಎಸ್‌ಎಚ್ 12, ಇರಬೇಕಾದ್ದಕ್ಕಿಂತ ಜಾಸ್ತಿ. ಅಂದರೆ ಸಾಮಾನ್ಯವಾಗಿ ಥೈರಾಯ್ಡ್ ಕಮ್ಮಿ ಕೆಲಸ ಮಾಡುತ್ತಿದೆ. ಟಿಎಸ್‌ಎಚ್ ಥೈರಾಯ್ಡಿನದೇ ಅಲ್ಲ, ಮಿದುಳಿನ ಬುಡದ ಪಿಟ್ಯೂಟರಿಯಿಂದ ಬರುತ್ತೆ. ತೋಟದಲ್ಲಿ ಆಳು ನಿಧಾನ ಆದಷ್ಟೂ ಯಜಮಾನರ ಕೂಗು ಜೋರಾಗಲ್ವಾ, ಹಾಗೆ. ನಾವು ಅಳೆಯುವುದು ಕೂಗನ್ನು.

ಇನ್ನೊಂದು ‘ಪಾಸಿಟಿವ್’. ಕೋವಿಡ್ ಆದಮೇಲೆ ಅದನ್ನು ಕೇಳಿದರೇ ಕಣ್ಣೀರು. ಆದರೆ ರಿಸೆಪ್ಟರ್ ನೋಡುವ ಹೊತ್ತಿಗೆ ಕ್ಯಾನ್ಸರ್ ಹೌದೋ ಅಲ್ಲವೋ ಅನ್ನುವುದು ಮುಗಿದಿರುತ್ತೆ. ಇಲ್ಲಿ ಪಾಸಿಟಿವ್ ಅಂದರೆ ಟಮಾಕ್ಸಿಫೆನ್ ತರದ, ಹಾರ್ಮೋನ್ ತಡೆಯುವ ಮಾತ್ರೆಗೆ ಕ್ಯಾನ್ಸರ್ ಬಗ್ಗುವ ಸಾಧ್ಯತೆ ಇದೆ ಅಂತ. ರಿಸೆಪ್ಟರ್ ಇದ್ದರೆ ಸ್ಲೈಡಿನಲ್ಲಿ ಕೋಶದ ನ್ಯೂಕ್ಲಿಯಸ್ ಕಂದು ಬಣ್ಣ ಹಿಡಿಯುತ್ತೆ, ಡಿಕಾಕ್ಷನ್ ಚುಕ್ಕೆ ಇಟ್ಟ ಹಾಗೆ. ಕ್ಯಾನ್ಸರ್ ಕೋಶ ನೂರರಲ್ಲಿ ಒಂದು ಹಿಡಿದರೂ ಈಸ್ಟ್ರೋಜನ್ ರಿಸೆಪ್ಟರ್ ಪಾಸಿಟಿವ್. 1ರಿಂದ 10 ಇದ್ದರೆ ‘ಲೋ ಪಾಸಿಟಿವ್’ ಅಂತ ಬೇರೆಯಾಗಿ ಬರೆಯುತ್ತೇವೆ. ನಮ್ಮ ನಮ್ಮೊಳಗೆ ‘ಬಣ್ಣ ಹಿಡಿದಿದೆ’ ಅನ್ನುವುದು.

ಮೊಲೆ ಒಳ್ಳೇ ಪದವೇ ಸರ್. ಆದರೆ ಹೆಂಗಸರು ನಮ್ಮೆದುರು ‘ಎದೇಲಿ ಗಂಟು’ ಅಂತಾರೆ. ಬೋರ್ಡಿಗೆ ಎದೆ ಅಂತ ಹಾಕಿದರೆ ಇಸಿಜಿಗೆ ಬಂದು ಕೂರುತ್ತಾರೆ.

ಸಾಗರದಿಂದ:

ಬಣ್ಣ ಹಿಡಿಯುತ್ತೆ, ಹಾರ್ಮೋನ್ ಹಿಡಿಯುತ್ತೆ. ಹಾಗಾದರೆ ‘ಹಿಡಿಕ’!

ತೀರ್ಥಹಳ್ಳಿಯಿಂದ:

ಪೊರಕೆಗೆ ಇರುತ್ತದಲ್ಲ, ಅದಾ?

ಸಾಗರದಿಂದ:

1905ರಲ್ಲಿ ಸ್ಟಾರ್ಲಿಂಗ್ ಗ್ರೀಕಿನಿಂದ ‘ಹಾರ್ಮೋನ್’ ಕಟ್ಟಿದ್ದು ವಿಜ್ಞಾನ. ನಾವು ಕಟ್ಟಿದರೆ ಪೊರಕೆ. ಮೊದಲು ಸಂಸ್ಕೃತದ ಮನೆಬಾಗಿಲು ಕಾದಿರಿ, ಈಗ ಇಂಗ್ಲಿಷಿನದು. ಕಾಯುತ್ತಲೇ ಇರಿ.

ಶಿವಮೊಗ್ಗದಿಂದ:

ಎಲ್ಲರಿಗೂ ಥ್ಯಾಂಕ್ಸ್. ಶಿಕಾರಿಪುರದ ಅಕ್ಕನಿಗೆ ಜಾಸ್ತಿ. ಮೂರೂವರೆಗೆ ಫೈಲ್ ಕಳಿಸಿದೆ. ಹೀಗಿದೆ:

‘ಥೈರಾಯ್ಡ್ ಪರೀಕ್ಷೆ: ರಕ್ತ ಕೊಡಬೇಕು.’

‘ಸ್ತನದ ಗಂಟಿನ ರಿಸೆಪ್ಟರ್ ಪರೀಕ್ಷೆ: ರಕ್ತ ಬೇಡ. ಬಯಾಪ್ಸಿ ಬ್ಲಾಕ್ ತಂದಿದ್ದೀರಾ? ಕೌಂಟರಿನಲ್ಲಿ ಕೊಡಿ.’

ರಿಸೆಪ್ಟರ್ ಹಾಗೇ ಉಳಿಯಿತು. ಡಾಕ್ಟರ ಬಾಯಲ್ಲೂ ಅದೇ ಇರುತ್ತೆ. ಕಿವಿಗೆ ಬಿದ್ದದ್ದು ಬೋರ್ಡಿನಲ್ಲೂ ಕಂಡರೆ ಸಾಕು ಅನ್ನಿಸಿತು. ‘ಹಾರ್ಮೋನ್’ ಎರಡೂ ಸಾಲಿನಿಂದ ತೆಗೆದೆ.

ಸಾಗರದಿಂದ:

‘ಬ್ಲಾಕ್’ ಬೇಡ, ‘ಮೇಣದಚ್ಚು’ ಅನ್ನಿ. ನಾಲ್ಕಕ್ಕೆ ಇನ್ನೂ ಹತ್ತು ನಿಮಿಷ ಇದೆ.